ಲಿಂಕ್ ಇಲ್ಲದ ಹುಡುಗ

ಕೆಟ್ಟ ವೈರನ್ನು ಸರಿಮಾಡುವುದು ಕಷ್ಟದ ಕೆಲಸವಲ್ಲ. ಸರಿಮಾಡುವಾಗ ನಾವು ಆಡಿದ ಮಾತು ಯಾರ ಕಿವಿಗೆ ಏನಾಗಿ ಬೀಳುತ್ತದೆ ಎನ್ನುವುದು ಮಾತ್ರ ನಮ್ಮ ಕೈಯಲ್ಲಿಲ್ಲ. ನನಗೆ ಇದು ಮತ್ತೆ ಮತ್ತೆ ಆಗಿದೆ. ಒಮ್ಮೆಯಂತೂ ಮದುವೆಯೇ ತಪ್ಪಿಹೋಗುವುದರಲ್ಲಿತ್ತು.

ಆಗ ನಾನು ಶಿವಮೊಗ್ಗದ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಬ್ರಾಡ್‌ಬ್ಯಾಂಡ್ ಊರಿಗೆ ಆಗಷ್ಟೇ ಬಂದಿತ್ತು. ಎಲ್ಲಿ ನೆಟ್ ಕೆಟ್ಟರೂ ಅಂಗಡಿಯ ಹಳೇ ಲ್ಯಾಪ್‌ಟಾಪನ್ನು ಹೆಗಲಿಗೇರಿಸಿ ನಾನೇ ಹೋಗಬೇಕು. ಅದರಲ್ಲಿ ನೆಟ್‌ವರ್ಕ್ ವೈರ್ ಸಿಕ್ಕಿಸುವ ತೂತು ಹಾಳಾಗಿತ್ತು. ಅದಕ್ಕೇ ಪಕ್ಕದ ಯುಎಸ್‌ಬಿ ತೂತಿಗೆ ಗೇಣುದ್ದದ ಅಡಾಪ್ಟರ್ ಸಿಕ್ಕಿಸಿ, ಅದರ ತುದಿಗೆ ವೈರ್ ಕೊಡುತ್ತಿದ್ದೆ. ಲ್ಯಾಪ್‌ಟಾಪಿನಿಂದ ಸದಾ ಜೋತಾಡುತ್ತಿದ್ದ ಆ ಅಡಾಪ್ಟರಿಗೆ ಅಂಗಡಿಯಲ್ಲಿ ಎಲ್ಲರೂ ಇಟ್ಟಿದ್ದ ಹೆಸರು ಬಾಲ. ವೈರಿನಲ್ಲಿ ಜೀವವಿದ್ದರೆ ಬಾಲದ ತುದಿಯಲ್ಲಿ ಹಸಿರು ದೀಪ ಹತ್ತುತ್ತಿತ್ತು. ಹತ್ತಿದರೆ 'ಲಿಂಕ್ ಇದೆ' ಅನ್ನುವುದು, ಹತ್ತದಿದ್ದರೆ 'ಲಿಂಕ್ ಇಲ್ಲ' ಅನ್ನುವುದು.

ಅದೇ ಸಮಯಕ್ಕೆ ನನ್ನ ಸೋದರಮಾವ ಭದ್ರಾವತಿಯ ಜನ್ನಾಪುರದಿಂದ ಒಂದು ಸಂಬಂಧ ತಂದರು. ಹುಡುಗಿ ಸ್ಕೂಲ್ ಟೀಚರ್. ನೋಡಿಕೊಂಡು ಬಂದವನಿಗೆ ಎರಡು ದಿನ ಊಟ ಸೇರಲಿಲ್ಲ, ಅಷ್ಟು ಇಷ್ಟವಾಗಿಬಿಟ್ಟಿದ್ದಳು. ಅವಳಿಗೂ ಒಪ್ಪಿಗೆಯಂತೆ. ಆದರೆ ಆ ಮನೆಯಲ್ಲಿ ಅವಳ ಅಜ್ಜನ ಮಾತೇ ಮಾತು. ಅಜ್ಜ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. "ಹುಡುಗ ಮಾಡೋ ಕೆಲಸ ಏನು ಅಂತ ನಂಗೆ ತಿಳೀಲಿಲ್ಲ. ವಿಚಾರಿಸಿ ಹೇಳ್ತೀನಿ" ಎಂದರು.

ವಿಚಾರಣೆ ಶುರುವಾಯಿತು.

ಬಾಲ ಬಿಟ್ಟುಬಂದದ್ದು

ಶಿವಮೊಗ್ಗದ ಒಂದು ಕಾಲೇಜಿನ ಆಫೀಸಿನಲ್ಲಿ ನೆಟ್ ಸರಿಮಾಡಿ, ಸಿಟಿ ಬಸ್ ಹತ್ತಿ, ಚೀಲ ಮುಟ್ಟಿ ನೋಡಿಕೊಂಡರೆ ಅಡಾಪ್ಟರ್ ಇಲ್ಲ. ಮುಂದಿನ ಸ್ಟಾಪಿನಲ್ಲೇ ಇಳಿದು ಕಾಯಿನ್ ಬೂತಿನಿಂದ ಫೋನ್ ಮಾಡಿದೆ. ಎತ್ತಿದವರು ಆಫೀಸಿನ ಹೆಡ್ ಕ್ಲರ್ಕ್ ಮೇಡಂ.

"ಮೇಡಂ, ನನ್ನ ಬಾಲ ಅಲ್ಲೇ ಬಿಟ್ಟು ಬಂದಿದ್ದೀನಿ. ಟೇಬಲ್ ಕೆಳಗೆ ನೇತಾಡ್ತಿರ್ಬೇಕು, ಸ್ವಲ್ಪ ನೋಡ್ತೀರಾ?"

"ಯಾರ್ರೀ ಅದು? ಹೆಂಗಸರ ಹತ್ರ ಹೀಗಾ ಮಾತಾಡೋದು? ಇಡ್ರೀ ಫೋನು!"

ಓಡೋಡಿ ವಾಪಸ್ ಹೋದೆ. ಅಷ್ಟರಲ್ಲಿ ಟೇಬಲ್ ಕೆಳಗಿದ್ದದ್ದು ಅವರ ಕಣ್ಣಿಗೂ ಬಿದ್ದಿತ್ತು. ಬಾಗಿಲಲ್ಲಿ ನನ್ನನ್ನು ಕಂಡವರೇ ಅಟೆಂಡರಿಗೆ ಕೂಗಿ ಹೇಳಿದರು: "ಆಂಜನೇಯ ಬಂದ್ರು, ಅವರ ಬಾಲ ಕೊಟ್ಟು ಕಳ್ಸಪ್ಪಾ."

ನನ್ನ ಗ್ರಹಚಾರಕ್ಕೆ ಆ ಮೇಡಂ ದಿನಾ ಬಸ್ಸಿಗೆ ಬರುತ್ತಿದ್ದದ್ದು ಜನ್ನಾಪುರದಿಂದ. ವಾರ ಕಳೆಯುವಷ್ಟರಲ್ಲಿ ಮಾವ ನಮ್ಮ ಅಂಗಡಿಗೆ ಬಂದರು. ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದರು:

"ಅಲ್ಲಾ ಮಾರಾಯ, ನಿಂಗೆ ಬಾಲ ಇದೆಯಂತಲ್ಲ? ಅಜ್ಜ ಕೇಳ್ಕೊಂಡು ಬಾ ಅಂದಿದಾರೆ."

ಹಗ್ಗ ಕಟ್ಟುವ ಹುಡುಗ

ಭದ್ರಾವತಿಯದೇ ಕಾಗದನಗರದ ಕ್ವಾರ್ಟರ್ಸಿನಲ್ಲಿ ಅಕ್ಕಪಕ್ಕದ ಎರಡು ಮನೆಯವರು ಒಂದೇ ಇಂಟರ್‌ನೆಟ್ ಹಂಚಿಕೊಂಡಿದ್ದರು. ಒಂದು ಮನೆಯಿಂದ ಇನ್ನೊಂದಕ್ಕೆ ಹಿತ್ತಲಿನ ಮೇಲೆ ನೀಲಿ ವೈರ್ ಎಳೆದಿತ್ತು. ರಾತ್ರಿ ಸರಿಯಿರುವ ನೆಟ್ ಬೆಳಗಾದರೆ ಹೋಗುತ್ತದೆ ಎಂದು ದೂರು ಬಂತು. ನಾನು ಬೆಳಗ್ಗೆಯೇ ಹೋಗಿ ಬಾಲ ಸಿಕ್ಕಿಸಿದೆ. ಲಿಂಕ್ ಇಲ್ಲ. ವೈರಿನ ಜಾಡು ಹಿಡಿದು ಹಿತ್ತಲಿಗೆ ಹೋದರೆ ಅಲ್ಲಿ ವೈರೇ ಕಾಣಲಿಲ್ಲ. ಅದರ ಮೇಲೆ ಎರಡು ಬೆಡ್‌ಶೀಟು, ಒಂದು ಒದ್ದೆ ಕಂಬಳಿ ಹರಡಿದ್ದವು. ಭಾರಕ್ಕೆ ವೈರ್ ಜಗ್ಗಿ, ತುದಿ ಸಡಿಲಾಗಿತ್ತು.

ಆ ಮನೆಯ ತಮಿಳು ಅಮ್ಮನಿಗೆ ಹೇಳಿದೆ: "ಅಮ್ಮಾ, ಇದು ಬಟ್ಟೆ ಹಾಕೋ ಹಗ್ಗ ಅಲ್ಲ. ಇದ್ರಲ್ಲಿ ಇಂಟರ್‌ನೆಟ್ ಹೋಗುತ್ತೆ."

"ಹೋಗ್ಲಿ ತಂಬಿ, ನಾನು ಬೇಡ ಅಂದ್ನಾ? ಅದು ಒಳಗೆ ಹೋಗುತ್ತೆ, ಬಟ್ಟೆ ಮೇಲಿರುತ್ತೆ. ಕಬ್ಬಿಣದ ತಂತಿ ಆದ್ರೆ ಬಟ್ಟೆಗೆ ತುಕ್ಕು ಹತ್ತುತ್ತೆ. ಇದು ನೋಡು, ಎಷ್ಟು ಕ್ಲೀನು!"

"ಭಾರಕ್ಕೆ ಕಿತ್ತು ಬರುತ್ತಮ್ಮಾ."

ಅವರು ಒದ್ದೆ ಕಂಬಳಿಯನ್ನು ಎತ್ತಿ ಭಾರ ನೋಡಿದರು. "ಸರಿ ತಂಬಿ. ನಿನಗೋಸ್ಕರ ಇನ್ಮೇಲೆ ಕರ್ಚೀಫ್ ಮಾತ್ರ ಹಾಕ್ತೀನಿ."

ಇವರ ಹತ್ತಿರ ವಾದ ಮಾಡಿ ಗೆಲ್ಲುವ ಹಾಗಿಲ್ಲ ಅನ್ನಿಸಿತು. ನಾನೇ ಒಂದು ನೈಲಾನ್ ಹಗ್ಗ ತಂದು ಹಿತ್ತಲಿನ ಇನ್ನೊಂದು ಬದಿಗೆ ಬಿಗಿಯಾಗಿ ಕಟ್ಟಿಕೊಟ್ಟು ಬಂದೆ. ಸ್ವಲ್ಪ ದಿನಕ್ಕೇ ಮಾವ ಮತ್ತೆ ಹಾಜರು.

"ಅಜ್ಜನಿಗೆ ಕಾಗದನಗರದಿಂದ ನಿನ್ನ ಬಗ್ಗೆ ಭಾಳ ಒಳ್ಳೆ ಮಾತು ಬಂದಿದೆ ಕಣೋ. ಬಟ್ಟೆ ಒಣಗಿಸೋ ಹಗ್ಗ ಕಟ್ಟೋದ್ರಲ್ಲಿ ನಿನ್ನ ಬಿಟ್ರಿಲ್ಲವಂತೆ. ನಾನು ಅವರಿಗೆ ಕಂಪ್ಯೂಟರ್ ಅಂದಿದ್ದೆ!"

ಲಿಂಕ್ ಇಲ್ಲ

ಬಾಲ, ಹಗ್ಗ ಎರಡನ್ನೂ ಕೇಳಿದ ಅಜ್ಜ ಕಣ್ಣಾರೆ ನೋಡಿಯೇಬಿಡುವುದೆಂದು ತೀರ್ಮಾನಿಸಿದರು. ಜನ್ನಾಪುರದ ಒಂದು ಜೆರಾಕ್ಸ್ ಅಂಗಡಿಗೆ ನಾನು ನೆಟ್ ಸರಿಮಾಡಲು ಬರುತ್ತೇನೆಂದು ತಿಳಿದು, ಹಣೆಗೆ ವಿಭೂತಿ ಹಚ್ಚಿ, ಇಸ್ತ್ರಿ ಪಂಚೆ ಉಟ್ಟು ಬಂದು ನಿಂತರು. ಇವತ್ತು ಕೆಲಸ ನೆಟ್ಟಗಾದರೆ ಹುಡುಗಿ ಸಿಕ್ಕಹಾಗೆ, ಇಲ್ಲದಿದ್ದರೆ ಇಲ್ಲ. "ಕೂತ್ಕೊಳ್ಳಿ ಅಜ್ಜ" ಎಂದು ಗಿರಾಕಿಗಳಿಗೆ ಹಾಕಿದ್ದ ಮರದ ಕುರ್ಚಿಯನ್ನು ತೋರಿಸಿದೆ.

ಅವರು ಕೂತರು. ನಾನು ಬಾಲ ಸಿಕ್ಕಿಸಿದೆ. ದೀಪ ಹತ್ತಲಿಲ್ಲ. ವೈರ್ ತೆಗೆದು ಹಾಕಿದೆ, ತಿರುಗಿಸಿ ಹಾಕಿದೆ. ಊಹೂಂ. ಶಿವಮೊಗ್ಗದಲ್ಲಿದ್ದ ನಮ್ಮ ಓನರಿಗೆ ಜೆರಾಕ್ಸ್ ಅಂಗಡಿಯವರ ಮೊಬೈಲಿನಲ್ಲಿ ಫೋನ್ ಮಾಡಿದೆ. ಅಜ್ಜನ ಕಿವಿ ಸ್ವಲ್ಪ ಮಂದ. ಆದರೂ ಮುಂದಕ್ಕೆ ಬಗ್ಗಿ ಕೇಳಿಸಿಕೊಳ್ಳುತ್ತಿದ್ದರು.

"ಸಾರ್, ಲಿಂಕ್ ಇಲ್ಲ ಸಾರ್. ಬೆಳಗ್ಗೆ ಇತ್ತು, ಈಗ ಎಲ್ಲಿ ಹೋಯ್ತೋ ಗೊತ್ತಿಲ್ಲ. ಇರ್ಲಿ ಬಿಡಿ ಸಾರ್, ಇದೇನು ಹೊಸದಾ? ದಿನಾ ಹೋಗ್ತಾನೇ ಇರುತ್ತಲ್ಲ!"

ಗಾಬರಿ ತೋರಗೊಡಬಾರದೆಂದು ಸ್ವಲ್ಪ ನಕ್ಕೆ ಕೂಡ.

ಅಜ್ಜ ಧಡಕ್ಕನೆ ಎದ್ದು ಹೊರಟೇಹೋದರು. ಅವರು ಅತ್ತ ಹೋಗುತ್ತಿದ್ದಂತೆ ಇತ್ತ ಬಾಲದ ದೀಪ ಹತ್ತಿತು. "ಬಂತು ಸಾರ್, ಬಂತು!" ಎಂದು ಕುಣಿದೆ. ಏನು ಮಾಡಿದ್ದಕ್ಕೆ ಬಂತು ಎಂದು ಮಾತ್ರ ತಿಳಿಯಲಿಲ್ಲ.

ಸಂಜೆ ಮಾವ ಮನೆಗೆ ಬಂದವರೇ ನೇರವಾಗಿ ನನ್ನ ಅಂಗಿಯ ಕಾಲರಿಗೆ ಕೈಹಾಕಿ ಕೊರಳು ಹುಡುಕಿದರು. ನಮ್ಮ ಮನೆಗಳಲ್ಲಿ ಹುಟ್ಟಿದ ಕೂಸಿಗೇ ಲಿಂಗ ಕಟ್ಟುತ್ತಾರೆ. ಕೊನೆಯವರೆಗೂ ಅದು ಮೈಮೇಲಿರಬೇಕು, ಕಳೆದುಕೊಂಡರಂತೂ ದೊಡ್ಡ ಅಪಚಾರ. ನನ್ನದು ಇದ್ದಲ್ಲೇ ಇತ್ತು.

"ಇದ್ಯಲ್ಲೋ! ಮತ್ಯಾಕೆ ಲಿಂಗ ಇಲ್ಲ, ದಿನಾ ಹೋಗ್ತಾನೇ ಇರುತ್ತೆ ಅಂತ ಫೋನಲ್ಲಿ ನಗ್ತಾ ಹೇಳ್ದೆ? ಅಜ್ಜ ಈ ಸಂಬಂಧ ಬೇಡವೇ ಬೇಡ ಅಂದ್ಬಿಟ್ರು!"

ಸುಳ್ಳು ಯಾಕೆ ಹೇಳಲಿ, ನನಗೆ ಅಳುವೇ ಬಂತು.

ಮಾರನೆಯ ದಿನ ಮಾವ ಕೈಕಾಲು ಹಿಡಿದು ಅಜ್ಜನನ್ನು ಅದೇ ಜೆರಾಕ್ಸ್ ಅಂಗಡಿಗೆ ಕರೆತಂದರು. ನಾನು ಮೊದಲು ಕೊರಳಿನ ಲಿಂಗ ತೋರಿಸಿದೆ. ಆಮೇಲೆ ಲ್ಯಾಪ್‌ಟಾಪ್ ತೆಗೆದು, ಬಾಲ ಸಿಕ್ಕಿಸಿ, ಹಸಿರು ದೀಪ ತೋರಿಸಿದೆ.

"ಅಜ್ಜ, ನಾನು ನಿನ್ನೆ ಹೇಳಿದ್ದು ಇದು. ಲಿಂಕು. ಲಿಂಗ ಅಲ್ಲ. ಇದು ಹೋದಾಗ ಎಲ್ಲಿ ಹೋಯ್ತು ಅಂತ ಹುಡುಕೋದೇ ನನ್ನ ಕೆಲಸ."

ಅಜ್ಜ ಮುಖ ಬಿಗಿದುಕೊಂಡೇ ಮರದ ಕುರ್ಚಿಯಲ್ಲಿ ಕೂತರು. ದೀಪ ಆರಿಹೋಯಿತು. ಗಾಬರಿಯಾಗಿ ಎದ್ದರು. ದೀಪ ಹತ್ತಿತು. ನಾನು ಬಗ್ಗಿ ನೋಡಿದರೆ ಕುರ್ಚಿಯ ಕಾಲು ವೈರಿನ ಮೇಲೆಯೇ ಊರಿಕೊಂಡಿತ್ತು. ಕೂತವರ ಭಾರ ಬಿದ್ದಾಗಲೆಲ್ಲ ಲಿಂಕ್ ಕಟ್ ಆಗುತ್ತಿತ್ತು.

ಅಜ್ಜ ಇನ್ನೊಮ್ಮೆ ಕೂತು ನೋಡಿದರು. ಎದ್ದು ನೋಡಿದರು. ಮತ್ತೆ ಕೂತರು. ಬಿಗಿದ ಮುಖ ಸಡಿಲಾಗುತ್ತಾ ಬಂತು.

"ಅಂದ್ರೆ ನಿನ್ನ ಲಿಂಕ್ ಕಳೆದೋನು ನಾನೇ ಏನಪ್ಪಾ?"

ನಾನು ಮಾವನ ಮುಖ ನೋಡಿದೆ. ಮಾವ ಗೋಡೆ ನೋಡುತ್ತಿದ್ದರು. ಅಜ್ಜ ಎದ್ದು, ಪಂಚೆ ಸರಿಮಾಡಿಕೊಂಡು, ಬಾಗಿಲ ತನಕ ಹೋಗಿ ತಿರುಗಿ ನಿಂತರು.

"ಹುಡುಗನ ಕೆಲಸ ಏನು ಅಂತ ತಿಳೀತು. ಮುಹೂರ್ತ ನೋಡ್ಸಿ. ಆದ್ರೆ ಒಂದ್ ಮಾತು ಮಾರಾಯ, ಮಂಟಪಕ್ಕೆ ಬರುವಾಗ ಆ ಬಾಲ ಮಾತ್ರ ಮನೇಲೇ ಬಿಟ್ಟು ಬಾ."