ಹಿಂದಿನ ಬಂಪರಿನ ಮೇಲೆ ಕೂರಲು ಕೋರಿಕೆ

ಇಂದ:
ತೂಕ ಮತ್ತು ಅಳತೆ ಇಲಾಖೆಯ ನಿವೃತ್ತ ನಿರೀಕ್ಷಕ,
ತಮ್ಮ ತಂಗಿಯ ಗಂಡ,
ಹಾಲಿ ಮೊಕ್ಕಾಂ: ತಮ್ಮ ಗೇಟಿನ ಹೊರಗೆ, ಕಾರಿನಲ್ಲಿ.

ಗೆ:
ದಾಖಲೆ ವಿಭಾಗದ ನಿವೃತ್ತ ಮುಖ್ಯಸ್ಥೆ,
ಅರ್ಜಿದಾರನ ಅತ್ತಿಗೆ, ಅಂದರೆ ಹೆಂಡತಿಯ ಅಕ್ಕ,
ಗೇಟಿನ ಒಳಗೆ.

ವಿಷಯ: ಎಣ್ಣೆ ಮತ್ತು ಅನಿಲದ ಮೇಲೆ ತೇಲಬೇಕಾದ ಕಾರು ಬಂಡೆಯಂತೆ ಕುಕ್ಕುತ್ತಿದ್ದ ದೋಷ ನಿವಾರಣೆಯಾಗಿರುವ ಬಗ್ಗೆ, ಅದನ್ನು ಖಚಿತಪಡಿಸಲು ತಾವು ಹಿಂದಿನ ಬಂಪರಿನ ಮೇಲೆ ಕೂರುವ ಬಗ್ಗೆ, ಹಾಗೂ ಒಂದು ನಗುವಿಗೆ ಘಟನೋತ್ತರ ಅನುಮೋದನೆ ನೀಡುವ ಬಗ್ಗೆ.

ಉಲ್ಲೇಖ: 1) ತಮ್ಮ ಮೌಖಿಕ ಆದೇಶ: "ಬಾಯಿಮಾತು ನನಗೆ ಬೇಡ. ಏನಿದ್ರೂ ಬರೆದು ಕೊಡಿ, ನೋಡೋಣ."
2) ಅದರ ಬೆನ್ನಿಗೇ ಮುಚ್ಚಿದ ಬಾಗಿಲು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ಭಗವಂತನನ್ನು ಸಾಕ್ಷಿಯಾಗಿಟ್ಟುಕೊಂಡು ಈ ಕೆಳಗಿನ ಸಂಗತಿಗಳನ್ನು ನಿವೇದಿಸಿಕೊಳ್ಳುತ್ತಾನೆ.

1. ಸದರಿ ಕಾರಿಗೆ ಸ್ಪ್ರಿಂಗುಗಳಿಲ್ಲ. ಬದಲಿಗೆ ಪ್ರತಿ ಚಕ್ರಕ್ಕೂ ಒಂದು ಉಕ್ಕಿನ ಗುಂಡು ಇದೆ. ಗುಂಡಿನೊಳಗೆ ಒಂದು ಕಡೆ ಎಣ್ಣೆ, ಒಂದು ಕಡೆ ಅನಿಲ, ನಡುವೆ ರಬ್ಬರಿನ ಪರದೆ. ಎಂಜಿನ್ ಶುರುವಾದೊಡನೆ ಕಾರು, ಹಿರಿಯರು ಕೋಣೆಗೆ ಬಂದಾಗ ಕುರ್ಚಿಯಿಂದ ಏಳುವವರಂತೆ, ಮೊದಲು ಹಿಂಭಾಗವನ್ನೂ ಆಮೇಲೆ ಮುಂಭಾಗವನ್ನೂ ಎತ್ತಿ ನೆಟ್ಟಗೆ ನಿಲ್ಲುತ್ತದೆ. ತಮ್ಮ ತಂಗಿ ಹನ್ನೊಂದು ವರ್ಷ, ಹೊರಟಾಗಲೆಲ್ಲ, ಅದಕ್ಕೆ "ಇರಲಿ, ಕೂತ್ಕೊಳ್ಳಿ, ಕೂತ್ಕೊಳ್ಳಿ" ಎನ್ನುತ್ತಿದ್ದಳು.

2. ಅವಳು ತೀರಿಕೊಂಡ ಕೆಲವು ತಿಂಗಳಲ್ಲಿ ಕಾರು ಕುಕ್ಕತೊಡಗಿತು. ಅರ್ಜಿದಾರನು ಕೈಕಟ್ಟಿ ಕೂರಲಿಲ್ಲ. ಮೊದಲು ಟೈರಿನ ಗಾಳಿ ಇಳಿಸಿದನು. ಕಾರು ಕುಕ್ಕುವುದರ ಜೊತೆಗೆ ಓಲಾಡತೊಡಗಿತು. ಕಾರಣ ರಸ್ತೆಯೇ ಇರಬೇಕೆಂದು ಪುರಸಭೆಗೆ ಅರ್ಜಿ ಹಾಕಿದನು. ರಸ್ತೆ ಸರಿಯಾಯಿತು. ಅರ್ಜಿಯಿಂದ ರಸ್ತೆ ಸರಿಯಾದದ್ದು ಅವನ ಆಯುಸ್ಸಿನಲ್ಲೇ ಮೊದಲು. ಆದರೆ ಕಾರು ಸರಿಯಾಗಲಿಲ್ಲ. ಕೊನೆಗೆ, ಕಾರಿನ ಎತ್ತರ ಬದಲಿಸುವ ಹಿಡಿಕೆಯನ್ನು ಮೇಲಿನ ತುದಿಗೆ ತಳ್ಳಿದನು. ನೆಲದಿಂದ ದೂರವಾದಷ್ಟೂ ಪೆಟ್ಟು ಕಡಿಮೆ ಎಂಬುದು ಅವನ ತರ್ಕ. ಕಾರು ಮರಗಾಲು ಕಟ್ಟಿಕೊಂಡಂತಾಗಿ, ಇದ್ದ ಮೆದುವೂ ಹೋಯಿತು. ಬೀದಿಯ ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿ ಹೊರಗೆ ಬಂದನು.

"ಏನ್ ಯಜಮಾನ್ರೇ, ಕಾರು ಲಂಗ ಎತ್ತಿ ಹಿಡ್ಕೊಂಡು ಹೊಳೆ ದಾಟೋ ಹಾಗೆ ಹೋಗ್ತಿದೆಯಲ್ಲ!"

ಆದ್ದರಿಂದ ಹಿಡಿಕೆಯನ್ನು ಯಥಾಸ್ಥಾನಕ್ಕೆ ಇಳಿಸಲಾಯಿತು.

3. ಹೀಗಿರುವಲ್ಲಿ, ನಾಲ್ಕು ವಾರದ ಹಿಂದೆ, ಎಂದಿನಂತೆ ಅರ್ಜಿದಾರನು ತಮ್ಮನ್ನು ವಾರದ ಪ್ರಾರ್ಥನೆಗೆ ಕರೆದೊಯ್ಯುತ್ತಿದ್ದನು. ತಾವು ಎಂದಿನಂತೆ ದಾರಿಯಲ್ಲೇ ಸ್ತುತಿ ಆರಂಭಿಸಿದಿರಿ. ಅಚ್ಚುಕೂಟದ ಮುಂದಿನ ಮೂರು ರಸ್ತೆ ಉಬ್ಬುಗಳಲ್ಲಿ ಮೊದಲೆರಡರ ಮೇಲೆ ತಮ್ಮ "ದಯಾನಿಧಿಯೇ" ಎಂಬ ಸಂಬೋಧನೆಯು "ದ-ದ-ದಯಾ-ಹಾ-ನಿ-ಹಿ-ಹಿ" ಎಂದು ಹೊರಬಂದಿತು. ತಾವು ಪಟ್ಟು ಬಿಡದೆ ಮತ್ತೆ ಮೊದಲಿಂದ ಹಿಡಿದಿರಿ. ಮೂರನೆಯ ಉಬ್ಬು ಬಂದಿತು.

"ದೇವರ ಹೆಸರಿಗೇ ಬಿಕ್ಕಳಿಕೆ ಬರಿಸಿದ್ರಲ್ರೀ!" ಎಂದಿರಿ.

ಅರ್ಜಿದಾರನು ನಕ್ಕನು. ನಿಲ್ಲಿಸಲು ಯತ್ನಿಸಿ ಇನ್ನಷ್ಟು ನಕ್ಕನು. ಕಣ್ಣಲ್ಲಿ ನೀರು ಬಂದು ದಾರಿ ಕಾಣದೆ, ಬೀಗದ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಸ್ಟೀರಿಂಗಿಗೆ ಹಣೆ ಹಚ್ಚಿ ನಕ್ಕನು. ಹಾರನ್ ಒತ್ತಿಹೋಯಿತು. ಅಂಗಡಿಯವನು ಕೈಯಲ್ಲಿದ್ದ ಬೀಗ ಕೆಳಗೆ ಹಾಕಿದನು.

"ನನ್ನ ತಂಗಿ ಹೋಗಿ ಇನ್ನೂ ವರ್ಷ ತುಂಬಿಲ್ಲ. ನಿಮಗೆ ನಗು ಹೇಗ್ರೀ ಬರುತ್ತೆ?"

"ಅವಳಿದ್ದಿದ್ರೆ ಇನ್ನೂ ಜೋರಾಗಿ ನಗ್ತಿದ್ಲು ಅತ್ತಿಗೆ."

ಈ ಹೇಳಿಕೆಯಿಂದ ಪ್ರಕರಣ ಇನ್ನಷ್ಟು ಬಿಗಡಾಯಿಸಿತು. ತಾವು ಇಳಿದು, ಸ್ತುತಿ ಪುಸ್ತಕವನ್ನು ಎದೆಗವಚಿಕೊಂಡು ಬಸ್ಸು ಹತ್ತಿದಿರಿ. ಅಂದಿನಿಂದ ಬಸ್ಸೇ.

4. "ಗುಂಡು ಹಾಳಾಗಿದೆ ಅಂತ ಗೊತ್ತಿರೋರು ಗುಂಡನ್ನೇ ಯಾಕೆ ನೋಡಿಸ್ಲಿಲ್ಲ?" ಎಂದು ತಾವು ಕೇಳಬಹುದು. ಕೇಳುವುದು ನ್ಯಾಯ. ಇದಕ್ಕೆ ಉತ್ತರ ಲಗತ್ತಿಸಿರುವ ನೋಟ್‌ಬುಕ್ಕಿನಲ್ಲಿದೆ.

ಮೂರು ತಿಂಗಳಿಗೊಮ್ಮೆ ಎಂಜಿನ್ ಚಾಲೂ ಇಟ್ಟು ತಮ್ಮ ತಂಗಿ ಹಿಂದಿನ ಬಂಪರಿನ ಮೇಲೆ ಕೂರುತ್ತಿದ್ದಳು. ಕಾರು ಎಷ್ಟು ಬೆರಳು ಇಳಿಯಿತೆಂದು ಅರ್ಜಿದಾರನು ನೆಲದ ಮೇಲೆ ಮಂಡಿಯೂರಿ ಅಳೆದು ಬರೆಯುತ್ತಿದ್ದನು. ಇಳಿದ ಮೇಲೆ ಕಾರು ತಾನಾಗಿಯೇ ಅವಳನ್ನು ಮೆಲ್ಲನೆ ಮೇಲೆತ್ತುತ್ತಿತ್ತು. "ಈ ಮನೇಲಿ ನನ್ನನ್ನ ಎತ್ತೋ ಗಂಡಸು ಇದೊಂದೇ ನೋಡಿ" ಎಂದು ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. 'ಕೂತವರ ತೂಕ' ಎಂಬ ಕಾಲಮ್ಮಿನಲ್ಲಿ ಅಂಕಿ ಬರೆಯಲು ಬಿಡದೆ, ಪೆನ್ನು ಕಸಿದು ತಾನೇ "ಅದೇ" ಎಂದು ಬರೆಯುತ್ತಿದ್ದಳು. ಹತ್ತು ವರ್ಷ ಅದೇ. ಇಳಿತವೂ ನಾಲ್ಕು ಬೆರಳು, ಅದೇ.

ಕೊನೆಯ ಪರೀಕ್ಷೆಯಲ್ಲಿ ಕಾರು ಎರಡೇ ಬೆರಳು ಇಳಿಯಿತು. ಅನಿಲ ಕಡಿಮೆಯಾದರೆ ಕಾರು ಬಿಗಿಯುತ್ತದೆ, ಕಡಿಮೆ ಇಳಿಯುತ್ತದೆ. ಆದ್ದರಿಂದ ಅರ್ಜಿದಾರನು "ಗುಂಡು ಗಟ್ಟಿಯಾಗಿದೆ" ಎಂದು ಷರಾ ಬರೆದು ಕಾರನ್ನು ಮೆಕ್ಯಾನಿಕ್ ಬಳಿಗೆ ಒಯ್ದನು. ಆತನು ನಾಲ್ಕೂ ಗುಂಡುಗಳನ್ನು ಬಿಚ್ಚಿ ನೋಡಿ ಹೇಳಿದ್ದಿಷ್ಟು:

"ಕಾರಿಗೆ ಏನೂ ಆಗಿಲ್ಲ ಯಜಮಾನ್ರೇ. ಕೂತವರನ್ನ ಒಂದು ಸಲ ನೋಡಿ."

ನಲವತ್ತು ವರ್ಷ ಅಂಗಡಿ ಅಂಗಡಿಯ ತಕ್ಕಡಿಯಲ್ಲಿ ಗುಲಗಂಜಿಯಷ್ಟು ಮೋಸವನ್ನೂ ಹಿಡಿದ ಅರ್ಜಿದಾರನಿಗೆ, ತನ್ನದೇ ಮನೆಯಲ್ಲಿ ತೂಕ ಇಳಿಯುತ್ತಿರುವುದನ್ನು ಕಾರು ಹೇಳಬೇಕಾಯಿತು. ಆ ವಾರವೇ ವೈದ್ಯರ ಬಳಿಗೆ ಹೋಗಲಾಯಿತು. ಮುಂದಿನದು ತಮಗೆ ತಿಳಿದಿದೆ. ಭಗವಂತನ ತಕ್ಕಡಿಯಲ್ಲಿ ದೋಷವಿಲ್ಲವೆಂದು ಅರ್ಜಿದಾರನು ದೃಢವಾಗಿ ನಂಬಿದ್ದಾನೆ. ಒಮ್ಮೆ ತಪಾಸಣೆ ಮಾಡಿಬಿಡೋಣವೆಂದು ಹಳೆಯ ಅಭ್ಯಾಸದಿಂದ ಕೈ ತುರಿಸಿದ್ದುಂಟು; ಅದಕ್ಕೆ ಪ್ರತಿದಿನ ಕ್ಷಮೆ ಬೇಡುತ್ತಿದ್ದಾನೆ.

ಈ ಕಾರಣದಿಂದ, ಕಾರು ನಿಜಕ್ಕೂ ಬಿಗಿದಾಗ ಅವನು ಟೈರು, ರಸ್ತೆ, ಹಿಡಿಕೆ ಎಂದು ಊರೆಲ್ಲ ಸುತ್ತಿದನು. ಗುಂಡಿನ ಹತ್ತಿರ ಮಾತ್ರ ಸುಳಿಯಲಿಲ್ಲ.

5. ತಾವು ಬಸ್ಸು ಹತ್ತಿದ ಮೇಲೆ ಮೂರು ವಾರ ಅರ್ಜಿದಾರನು ಒಬ್ಬನೇ ಪ್ರಾರ್ಥನೆಗೆ ಹೋಗಿಬಂದನು. ತಮ್ಮ ತಂಗಿ ಎಂಟು ವರ್ಷದವಳಿದ್ದಾಗ ಹೇಗಿದ್ದಳೆಂದು ಬಲ್ಲವರು ಈಗ ತಾವೊಬ್ಬರೇ. ಅವಳ ಬಗ್ಗೆ ಮಾತು ಕೇಳಬೇಕೆಂದರೆ ಅವನಿಗೆ ಬೇರೆ ಕಚೇರಿಯಿಲ್ಲ. ಆದ್ದರಿಂದ ಮೊನ್ನೆ ಧೈರ್ಯ ಮಾಡಿ ಮೆಕ್ಯಾನಿಕ್ಕನ ಷೆಡ್ಡಿಗೆ ಹೋದನು. ಆತನು ಕಾರಿನ ಹಿಂಭಾಗವನ್ನು ಎರಡೂ ಕೈಯಿಂದ ಅದುಮಿದನು. ಕಾರು ಮಿಸುಕಲಿಲ್ಲ.

"ಇದರಲ್ಲಿ ಕೂತೂ ಸೊಂಟ ಉಳಿದಿದೆಯಾ?"

"ಇದೆ."

"ಪುಣ್ಯವಂತರು ಬಿಡಿ. ಗುಂಡಲ್ಲಿ ಗ್ಯಾಸೇ ಇಲ್ಲ. ಕಾಲ ಕಳೆದ ಹಾಗೆ ತಾನಾಗೇ ಹೋಗುತ್ತೆ. ಯಾರ ತಪ್ಪೂ ಅಲ್ಲ."

ಅನಿಲ ತುಂಬಲು ಒಂದು ಗಂಟೆ ಹಿಡಿಯಿತು. ಕೊನೆಯ ಮಾತನ್ನು ಅರ್ಜಿದಾರನು ಎರಡು ಸಲ ಹೇಳಿಸಿಕೊಂಡನು.

6. ಈ ಆರನೆಯ ಕಲಮನ್ನು ಚಲಿಸುವ ಕಾರಿನಲ್ಲಿ, ಮೆಕ್ಯಾನಿಕ್ ಓಡಿಸುತ್ತಿರುವಾಗ, ಅಚ್ಚುಕೂಟದ ಮುಂದಿನ ಉಬ್ಬುಗಳ ಮೇಲೆಯೇ ಬರೆಯಲಾಗುತ್ತಿದೆ. "ಬರೀರಿ, ಬರೀರಿ, ಬಂತು ಎರಡನೇದು" ಎನ್ನುತ್ತಿದ್ದಾನೆ. ಅಕ್ಷರಗಳ ನೇರವನ್ನು ತಾವು ಅಡಿಪಟ್ಟಿ ಇಟ್ಟು ನೋಡಬಹುದು. ಮೂರನೆಯದೂ ದಾಟಿತು. ದಯಾನಿಧಿಯೇ, ದೋಣಿಯಲ್ಲಿ ಕೂತಂತಿದೆ! ಬಳಿಕ ತಮ್ಮ ಮನೆಯ ಮುಂದೆ ಮೂರು ಸಲ ಹೋಗಿಬರಲಾಯಿತು. ತಾವು ಎರಡು ಸಲ ಪರದೆ ಸರಿಸಿ ನೋಡಿದ್ದನ್ನು ದಾಖಲಿಸಿಕೊಳ್ಳಲಾಗಿದೆ.

7. ಇನ್ನು ಪರೀಕ್ಷೆ ಬೇಕಿಲ್ಲವೆಂದು ಮೆಕ್ಯಾನಿಕ್ ಹೇಳುತ್ತಾನೆ. ಆದರೆ ನೋಟ್‌ಬುಕ್ಕು ಎರಡು ಬೆರಳಿಗೆ ನಿಂತಿದೆ. ಅದು ಕೊನೆಯ ಸಾಲಾಗುವುದು ಅರ್ಜಿದಾರನಿಗೆ ಸಮ್ಮತವಿಲ್ಲ. ಅಕ್ಕತಂಗಿಯರ ಮೈಕಟ್ಟು ಒಂದೇ ಎಂದು ಎಲ್ಲರೂ ಹೇಳುತ್ತಿದ್ದರು. ತಮ್ಮ ತೂಕವನ್ನು ಕೇಳಲಾಗುವುದಿಲ್ಲ, ಊಹಿಸಲಾಗುವುದೂ ಇಲ್ಲ.

ಆದ್ದರಿಂದ ತಾವು ದಯಮಾಡಿ ಎರಡು ನಿಮಿಷ ಹಿಂದಿನ ಬಂಪರಿನ ಮೇಲೆ ಆಸೀನರಾಗಬೇಕೆಂದೂ, ಬೀಗದ ಅಂಗಡಿಯ ಮುಂದೆ ನಡೆದ ನಗುವನ್ನು ಮನ್ನಿಸಿ ಘಟನೋತ್ತರವಾಗಿ ಅನುಮೋದಿಸಬೇಕೆಂದೂ ಪ್ರಾರ್ಥನೆ. ಸದರಿ ನಗುವು ಹನ್ನೊಂದು ತಿಂಗಳಲ್ಲಿ ಮೊದಲನೆಯದಾಗಿದ್ದು, ಪೂರ್ವಾನುಮತಿ ಪಡೆಯಲು ಕಾಲಾವಕಾಶವಿರಲಿಲ್ಲ.

ತಮ್ಮ ವಿಶ್ವಾಸಕ್ಕೆ ಮರಳಲು ಕಾದಿರುವ,
(ಸಹಿ)
ತಮ್ಮ ತಂಗಿಯ ಗಂಡ

ಲಗತ್ತುಗಳು:
1) ನೋಟ್‌ಬುಕ್ಕು, ಒಂದು.
2) ಮೆಕ್ಯಾನಿಕ್ಕನ ದೃಢೀಕರಣ ಪತ್ರ: "ಓಕೆ". (ಎಣ್ಣೆಯ ಹೆಬ್ಬೆಟ್ಟು ಸಹಿತ.)
3) ಬಂಪರಿನ ಮೇಲೆ ಹಾಸಲು ಒಗೆದ ಟವೆಲ್, ಒಂದು. (ಕಾರಿನಲ್ಲಿದೆ.)

ವಿ.ಸೂ.: ಅರ್ಜಿಯನ್ನು ತಿರಸ್ಕರಿಸುವುದಾದಲ್ಲಿ, ತಿರಸ್ಕಾರದ ಕಾರಣಗಳನ್ನು ಒಂದನ್ನೂ ಬಿಡದೆ, ಮುಂದಿನ ಸೀಟಿನಲ್ಲಿ ಕುಳಿತು ಮೌಖಿಕವಾಗಿ ತಿಳಿಸಬೇಕಾಗಿ ಕೋರಿಕೆ. ಪ್ರಾರ್ಥನೆ ಒಂಬತ್ತಕ್ಕೆ. ದಾರಿ ಇಪ್ಪತ್ತು ನಿಮಿಷದ್ದು. ಎಂಜಿನ್ ಚಾಲೂ ಇದೆ.