ರಂಗೋಲಿಯಲ್ಲಿ ನಿಂತ ಮೋಟರ್‌ಹೋಮ್

ನಮ್ಮ ಮನೆಯವರು ಯಾವ ಊರಿಗೂ ಒಂದೇ ಸಲ ಹೋದವರಲ್ಲ. ಟಿಕೆಟ್ ತೆಗೆಯುವ ಮೊದಲೇ ಮಾತಿನಲ್ಲಿ ಹೋಗಿ, ಅಲ್ಲಿಯ ಕಾಫಿ ಚೆನ್ನಾಗಿಲ್ಲವೆಂದು ಬೇಸರಪಟ್ಟು, ವಾಪಸ್ಸೂ ಬಂದಿರುತ್ತಾರೆ. ಬ್ರಿಸ್ಬೇನಿನ ದೊಡ್ಡ ಮೋಟರ್‌ಹೋಮ್ ಪ್ರದರ್ಶನದ ವಿಷಯದಲ್ಲೂ ಹೀಗೇ ಆಯಿತು.

ಮೂರು ಕಿಟಕಿ

ಚಿಕ್ಕಪ್ಪ ಅಡಿಲೇಡಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ವೈದ್ಯರಾಗಿದ್ದರು. ಬೇರೆಯವರನ್ನು ಮಲಗಿಸುವುದೇ ಕೆಲಸವಾಗಿದ್ದರಿಂದ ತಮ್ಮ ಪಾಲಿನ ಕನಸನ್ನು ನಿವೃತ್ತಿಯವರೆಗೆ ಎತ್ತಿಟ್ಟಿದ್ದರು. ಹಾಸಿಗೆ, ಒಲೆ, ಕಿಟಕಿಪರದೆ ಎಲ್ಲ ಇರುವ ಮೋಟರ್‌ಹೋಮ್ ಒಂದನ್ನು ಕೊಂಡು, ಚಿಕ್ಕಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಡುವಿನ ಮರವೇ ಇಲ್ಲದ ದೊಡ್ಡ ಬಯಲು ದಾಟಿ ಪರ್ತಿಗೆ ಬರಬೇಕು. ಅಷ್ಟೇ ಕನಸು. ಗಾಡಿಯಲ್ಲಿ ಸಂಸಾರ ಮಾಡಲು ತಾನೇನು ಸರ್ಕಸ್ಸಿನವಳೇ ಎಂದು ಚಿಕ್ಕಮ್ಮ ಕೇಳಿದ್ದರು.

ನಾನು ಪರ್ತಿನಲ್ಲಿ ಗಣಿ ಕಂಪನಿಯ ಭೂವಿಜ್ಞಾನಿ. ಕಲ್ಲನ್ನೂ ಅಳೆದು ಮಾತಾಡಿಸುವವನೆಂದು, ಗಾಡಿ ನೋಡಲು ಆ ಪ್ರದರ್ಶನಕ್ಕೆ ಎಲ್ಲರನ್ನೂ ಹೊರಡಿಸುವ ಯೋಜನೆಯ ಹೊಣೆ ನನಗೆ ಬಂತು. ಒಂದು ಸಂಜೆ ವಿಡಿಯೋ ಕಾಲ್ ಇಟ್ಟೆ. ಬ್ರಿಸ್ಬೇನಿನಲ್ಲಿ ಚಿಕ್ಕಪ್ಪನ ಮಗಳ ಕಿಟಕಿ ಆಗಲೇ ಕಪ್ಪಾಗಿತ್ತು. ಅಡಿಲೇಡಿನದು ನೇರಳೆ. ಪರ್ತಿನ ಪಿಯಾರಾ ವಾಟರ್ಸ್ ಬಡಾವಣೆಯ ನನ್ನ ಮನೆಯ ಗೋಡೆಯ ಮೇಲೆ ಇನ್ನೂ ಬಿಸಿಲು. ಒಂದೇ ಪರದೆಯ ಮೇಲೆ ಇಡೀ ಸಂಜೆ ಹಾಸಿಕೊಂಡಿತ್ತು.

ಅದನ್ನು ನೋಡುತ್ತಲೇ ಚಿಕ್ಕಮ್ಮ ಹೇಳಿದರು: "ಒಂದು ಸಲ ಪ್ರದರ್ಶನಕ್ಕೆ ಬಂದು ನೋಡ್ತೀನಿ. ಇಷ್ಟ ಆಗ್ಲಿಲ್ಲ ಅಂದ್ರೆ ಆ ಮಾತು ಮತ್ತೆ ನಮ್ಮನೇಲಿ ಎತ್ತಬಾರದು."

ಚಿಕ್ಕಪ್ಪ ತಕ್ಷಣ ಎದ್ದು ಹೋದರು. ಭಾವುಕರಾದರೆಂದುಕೊಂಡೆವು. ಮರಳಿದಾಗ ತಲೆಯ ಮೇಲೆ ಅಗಲವಾದ ಹ್ಯಾಟ್ ಇತ್ತು. ಪ್ರದರ್ಶನಕ್ಕೆ ಇನ್ನೂ ತಿಂಗಳುಗಳಿದ್ದವು.

ಒಲೆಯ ದಿಕ್ಕು

ಚಿಕ್ಕಮ್ಮ ಪೂರ್ವಕ್ಕೆ ಮುಖ ಮಾಡಿಯೇ ಅಡುಗೆ ಮಾಡುವವರು. ಅಡಿಲೇಡಿನ ಮನೆ ಕೊಳ್ಳುವಾಗಲೂ ಮೊದಲು ನೋಡಿದ್ದು ಒಲೆಯನ್ನು. ಗಾಡಿಯಲ್ಲಿ ಒಲೆ ಯಾವ ದಿಕ್ಕಿಗಿರುತ್ತದೆಂದು ವಿಚಾರಿಸಲು ನನಗೆ ಹೇಳಿದರು.

ನಾನು ಯೋಚಿಸದೆ ಪ್ರದರ್ಶನದವರಿಗೆ ಫೋನ್ ಮಾಡಿ ಕೇಳಿಬಿಟ್ಟೆ. ಆ ಕಡೆಯ ಹೆಂಗಸು, ಇಲ್ಲಿ ಅಪರಿಚಿತರನ್ನೂ ಅಕ್ಕರೆಯಿಂದ ಕರೆಯುವ ರೂಢಿಯಂತೆ, ತುಂಬ ಮೃದುವಾಗಿ, "ನೀವು ಯಾವ ಕಡೆಗೆ ಹೊರಟಿದ್ದೀರಿ, ಲವ್?" ಎಂದರು.

ಪ್ರಶ್ನೆ ಸರಿಯಾಗಿತ್ತು. ಚಿಕ್ಕಪ್ಪ ಮೆಚ್ಚಿದ್ದ ಗಾಡಿಯ ಒಲೆ ಬಲಗೋಡೆಗಿತ್ತು. ಗಣಿಗೆ ಒಯ್ಯುವ ದಿಕ್ಸೂಚಿಯನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಬೆಂಕಿಪೊಟ್ಟಣವನ್ನು ಗಾಡಿಯಂತೆ ತಿರುಗಿಸಿ ನೋಡಿದೆ. ಗಾಡಿಯ ಮೂತಿ ಉತ್ತರಕ್ಕಿದ್ದರೆ ಮಾತ್ರ ಅಡುಗೆಯವರ ಮುಖ ಪೂರ್ವಕ್ಕೆ. ಚಿಕ್ಕಮ್ಮನಿಗೆ ತಿಳಿಸಿದೆ. ಉತ್ತರಕ್ಕೆ ಏನಿದೆ ಎಂದರು. ಮರುಭೂಮಿ, ಅದರಾಚೆ ಡಾರ್ವಿನ್ ಎಂದೆ. ಪರ್ತ್ ಎಲ್ಲಿದೆ ಎಂದರು. ಪಶ್ಚಿಮಕ್ಕೆ ಎಂದೆ.

"ಹಾಗಾದ್ರೆ ನಿಮ್ಮನೆ ಮುಟ್ಟೋವರೆಗೂ ನಮಗೆ ಉಪವಾಸ. ಬಂದ ತಕ್ಷಣ ಎಲೆ ಹಾಕ್ಬಿಡು."

ರಾತ್ರಿ ತಂಗುವಾಗೆಲ್ಲ ಗಾಡಿಯನ್ನು ಉತ್ತರಕ್ಕೆ ತಿರುಗಿಸಿ ನಿಲ್ಲಿಸುವುದಾಗಿ ಚಿಕ್ಕಪ್ಪ ಮಾತು ಕೊಟ್ಟರು. ಅಂದಿನಿಂದ ಅಂಗಡಿಗೆ ಹೋದರೂ ಕಾರನ್ನು ಉತ್ತರಕ್ಕೇ ನಿಲ್ಲಿಸಿ ಅಭ್ಯಾಸ ಮಾಡತೊಡಗಿದರು. ಒಮ್ಮೆ ಎರಡು ಕಾರುಗಳ ಜಾಗದಲ್ಲಿ ಅಡ್ಡ ನಿಲ್ಲಿಸಿ ಬೈಸಿಕೊಂಡರು.

ಫ್ರಿಜ್ಜಿನ ಮೂಲಕ

ಗಣಿಯ ರಜೆಯಲ್ಲಿ ಅಡಿಲೇಡಿಗೆ ಹೋಗಿದ್ದೆ. ಗಾಡಿ ಎಷ್ಟು ದೊಡ್ಡದೆಂಬುದು ಅಂಕಿಗಳಲ್ಲಿ ಚಿಕ್ಕಮ್ಮನಿಗೆ ಗೊತ್ತಾಗಲಿಲ್ಲ. ಹಾಗಾಗಿ ಮನೆಯ ಮುಂದಿನ ಕಾಂಕ್ರೀಟಿನ ಮೇಲೆ ನಾನು ಅಳತೆ ಹಿಡಿದೆ, ಅವರು ರಂಗೋಲಿಪುಡಿಯಲ್ಲಿ ಗೆರೆ ಎಳೆದರು. ನಿಜವಾದ ಗಾತ್ರದ ಮೋಟರ್‌ಹೋಮ್ ಬಿಳಿಯಾಗಿ ಮೂಡಿತು. ಹಾಸಿಗೆಯ ಜಾಗ ಬೋಳಾಗಿ ಕಂಡಿತೆಂದು ಅಲ್ಲೊಂದು ತಾವರೆ ಬಿಡಿಸಿದರು.

ಚಿಕ್ಕಪ್ಪ ಮುಂದೆ ಕುರ್ಚಿ ಹಾಕಿಕೊಂಡು, ಇಲ್ಲದ ಸ್ಟೀರಿಂಗ್ ಹಿಡಿದು ಕೂತರು. ಸಂಜೆಯಾಗುತ್ತಿತ್ತು. ಬೀದಿಯ ಕೊನೆಯ ನೀಲಗಿರಿ ಮರದಲ್ಲಿ ಗಿಳಿಗಳು ಗಲಾಟೆ ಮಾಡಿ ತಣ್ಣಗಾದವು. ಆಕಾಶ ಎಷ್ಟು ನಿಧಾನವಾಗಿ ಬಣ್ಣ ಬಿಡುತ್ತಿತ್ತೆಂದರೆ ನಾವೇ ಸಾಗುತ್ತಿರುವಂತೆ ಅನಿಸಿತು. ಚಿಕ್ಕಪ್ಪ ಒಮ್ಮೆ ಇಂಡಿಕೇಟರ್ ಕೂಡ ಹಾಕಿದರು.

ಪಕ್ಕದ ಮನೆಯ ಆಸ್ಟ್ರೇಲಿಯನ್ ಅಜ್ಜ ನಮ್ಮ ಪಾತ್ರೆ ಹಿಂತಿರುಗಿಸಲು ಬಂದವರು ಗೆರೆಯಾಚೆ ನಿಂತು, ಬಾಗಿಲು ಎಲ್ಲಿದೆ ಎಂದು ಕೇಳಿದರು. ತೋರಿಸಿದೆ. ಕಾಲು ಒರೆಸಿಕೊಂಡು ಹತ್ತಿ ಬಂದು, ನನ್ನ ಪಕ್ಕದಲ್ಲಿ ಕೂತು, "ಎಲ್ಲಿವರೆಗೆ ಬಂದ್ವಿ, ಮೇಟ್?" ಎಂದರು. ಬಯಲು ಈಗ ಶುರುವಾಯಿತು ಎಂದರು ಚಿಕ್ಕಪ್ಪ, ತಿರುಗಿ ನೋಡದೆ.

ಅಷ್ಟರಲ್ಲಿ ಚಿಕ್ಕಮ್ಮ ಮನೆಯೊಳಗಿಂದ ಕಾಫಿ ತಂದು ನೆಟ್ಟಗೆ ಗೆರೆ ದಾಟಿ ಬಂದರು. ಅಜ್ಜ ಲೋಟ ತೆಗೆದುಕೊಂಡು ಮೆಲ್ಲಗೆ ಹೇಳಿದರು, "ನೀವು ಫ್ರಿಜ್ಜಿನ ಮೂಲಕ ಬಂದಿರಿ."

ಚಿಕ್ಕಮ್ಮ ಹೊರಗೆ ಹೋಗಿ ಬಾಗಿಲಿನಿಂದ ಬಂದರು. ಆಗ ನನಗೆ ಸ್ವಲ್ಪ ನಂಬಿಕೆ ಹುಟ್ಟಿತು.

ಕುಕ್ಕರ್

ಪ್ರದರ್ಶನಕ್ಕೆ ಅಡಿಲೇಡಿನಿಂದ ಹೊರಡುವಾಗ ಚಿಕ್ಕಮ್ಮ ಪ್ರೆಶರ್ ಕುಕ್ಕರನ್ನೂ ವಿಮಾನಕ್ಕೆ ತಂದರು. ಗಾಡಿಯ ಕಪಾಟಿನಲ್ಲಿ ಅದು ಹಿಡಿಸಬೇಕು, ಇಲ್ಲವಾದರೆ ಮಾತೇ ಬೇಡ ಎಂದರು. ಅಳೆಯುವ ಟೇಪು ನನ್ನ ಬಳಿ ಇದೆ ಎಂದು ಫೋನಿನಲ್ಲಿ ಹೇಳಿದ್ದೆ.

"ಟೇಪಲ್ಲಿ ಅನ್ನ ಆಗುತ್ತಾ?"

ಬ್ರಿಸ್ಬೇನಿನ ಸನ್ನಿಬ್ಯಾಂಕ್ ಬಡಾವಣೆಯಲ್ಲಿದ್ದ ಅವರ ಮಗಳ ಮನೆಯಲ್ಲಿ ನಾವೆಲ್ಲ ಸೇರಿದೆವು. ಚಿಕ್ಕಮ್ಮ ಸೀರೆಯಲ್ಲಿ ಸುತ್ತಿದ್ದ ಕುಕ್ಕರನ್ನು ಮಗುವಿನಂತೆ ಬಿಚ್ಚಿದರು. ಮಗಳು ಕಪಾಟು ತೆರೆದಳು. ಒಳಗೆ ಅದೇ ಕುಕ್ಕರ್, ಅದೇ ಅಳತೆ.

"ಅಮ್ಮಾ, ಮದುವೆಗೆ ನೀನೇ ಕೊಟ್ಟಿದ್ದು."

ಚಿಕ್ಕಮ್ಮ ಎರಡನ್ನೂ ನೋಡಿದರು. "ಇದಕ್ಕೆ ನನ್ನ ಒಲೆ ಗೊತ್ತು" ಎಂದು ಮತ್ತೆ ಸೀರೆ ಸುತ್ತಿದರು.

ಚಪ್ಪಲಿ ಸಾಲು

ಪ್ರದರ್ಶನದ ಮೈದಾನದಲ್ಲಿ ಮೋಟರ್‌ಹೋಮುಗಳು ಬೆಳಗಿನ ಮಂಜಿನಲ್ಲಿ ಮಲಗಿದ ಬಿಳಿ ಆನೆಗಳಂತೆ ಕಂಡವು. ಚಿಕ್ಕಪ್ಪ ಮೆಚ್ಚಿದ್ದರ ಮುಂದೆ ನಿಂತೆವು. ಮಾರುವವನು ಬೇರೆ ಕಡೆ ಹೋಗಿದ್ದ. ಚಿಕ್ಕಮ್ಮ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು ಹತ್ತಿದರು. ಮನೆಯೆಂದ ಮೇಲೆ ಬಿಡಲೇಬೇಕು. ಮಗಳೂ ನಾನೂ ಬಿಟ್ಟೆವು. ಚಿಕ್ಕಪ್ಪ ಹತ್ತಲಿಲ್ಲ. ತಾವು ಪಕ್ಕದಲ್ಲಿದ್ದರೆ ಅವಳು ಸಂಕೋಚಕ್ಕೆ ಹೂಂ ಅಂದುಬಿಡಬಹುದು, ಅದು ತಮಗೆ ಬೇಡ ಎಂದು ಹ್ಯಾಟ್ ಕೈಯಲ್ಲಿ ಹಿಡಿದು ದೂರ ನಿಂತರು.

ಕುಕ್ಕರ್ ಕಪಾಟಿನಲ್ಲಿ ಹಿಡಿಸಿತು. ಚಿಕ್ಕಮ್ಮ ಕಿಟಕಿಪರದೆ ಸರಿಸಿ ಹೊರಗೆ ನೋಡುತ್ತ ನಿಂತರು.

ಹೊರಗೆ ನಮ್ಮ ಹಿಂದೆ ಬಂದ ದಂಪತಿ ಚಪ್ಪಲಿಗಳ ಸಾಲು ನೋಡಿ, ಇಲ್ಲಿನ ನಿಯಮ ಇದೇ ಎಂದುಕೊಂಡು ತಮ್ಮ ಬೂಟು ಬಿಚ್ಚಿ ಸಾಲಿಗೆ ಸೇರಿಸಿದರು. ಅವರ ಹಿಂದಿನವರೂ ಹಾಗೇ ಮಾಡಿದರು. ನೋಡುತ್ತಿದ್ದಂತೆ ಬೂಟುಗಳು ಪಕ್ಕದ ಗಾಡಿಯವರೆಗೂ ಹೋದವು. ಒಳಗೆ ಸಾಕ್ಸು ಹಾಕಿದ ಅಪರಿಚಿತರೆಲ್ಲ ಮೆತ್ತಗೆ ನಡೆದಾಡುತ್ತ, ಪಿಸುಮಾತಿನಲ್ಲಿ ಮಾತಾಡತೊಡಗಿದರು. ಚಿಕ್ಕಮ್ಮ ಚೀಲದಿಂದ ಚಕ್ಕುಲಿ ಡಬ್ಬಿ ತೆಗೆದು ಮೇಜಿನ ಮೇಲಿಟ್ಟು, ಎಲ್ಲರನ್ನೂ ಕೂರಿಸಿದರು.

ಮಾರುವವನು ಮರಳಿ ಬಂದ. ಸಾಲನ್ನು ನೋಡಿದ. ತನ್ನ ಶೂ ತಾನೇ ಬಿಚ್ಚಿ, ಬಾಗಿಲು ತಟ್ಟಿ, ಒಳಗೆ ಬರಬಹುದೇ ಎಂದು ಚಿಕ್ಕಮ್ಮನನ್ನು ಕೇಳಿದ. ಬರಬಹುದು, ಬಾಗಿಲು ಹಾಕಿಕೊಂಡು ಬಾ, ನೊಣ ಬರುತ್ತೆ ಎಂದರು ಅವರು.

ಆಮೇಲೆ ಕಿಟಕಿಯಿಂದ ತಲೆ ಹಾಕಿ ದೂರ ನಿಂತಿದ್ದ ಚಿಕ್ಕಪ್ಪನನ್ನು ಕರೆದರು.

"ಏನ್ರೀ, ಮನೆಗೆ ಇಷ್ಟು ಜನ ಬಂದಿದ್ದಾರೆ. ನೀವು ಬೀದೀಲಿ ನಿಂತಿದ್ರೆ ಏನಂದ್ಕೊಳ್ತಾರೆ?"

ಚಿಕ್ಕಪ್ಪನ ಕೈಯಿಂದ ಹ್ಯಾಟ್ ಬಿತ್ತು. ಅದನ್ನು ಎತ್ತಿಕೊಳ್ಳದೆ ಓಡಿ ಬಂದು, ಎರಡು ಮೆಟ್ಟಿಲು ಒಟ್ಟಿಗೆ ಹತ್ತಿ ಒಳಗೆ ನಿಂತರು. ಕಣ್ಣಲ್ಲಿ ನೀರಿತ್ತು. ಎಲ್ಲರೂ ಅವರ ಕಾಲನ್ನೇ ನೋಡುತ್ತಿದ್ದರು.

ಮಾರುವವನು ಗಂಟಲು ಸರಿಮಾಡಿಕೊಂಡು, "ಸಾರಿ ಸರ್, ಈ ಮನೇಲಿ ಶೂ ಹೊರಗೆ" ಎಂದ.