ವಧೂವರರ ಕಚೇರಿಯಲ್ಲಿ ಲೈಬ್ರರಿ ಕಟ್ಟಿದ್ದು

ಮದುವೆ ಕುದುರಿಸೋ ಜಾಗದಲ್ಲಿ ಕಂಪ್ಯೂಟರ್ ಇಟ್ಟರೆ ಏನೇನಾಗುತ್ತೆ ಅಂತ ನನ್ನನ್ನ ಕೇಳಿ. ಒಂದು ಫಜೀತಿ ಮುಗೀತು ಅಂತ ನಕ್ಕು ಸುಧಾರಿಸಿಕೊಳ್ಳೋ ಹೊತ್ತಿಗೆ ಇನ್ನೊಂದು ಮೆಟ್ಟಿಲು ಹತ್ತಿ ಬರ್ತಿರುತ್ತೆ.

ಮಲ್ಲೇಶ್ವರದ ಒಂದು ಅಡ್ಡರಸ್ತೆ, ಹೂವಿನ ಅಂಗಡಿ ಮೇಲಿನ ಮಹಡಿ, ಅಲ್ಲಿ ನಮ್ಮ ವಧೂವರ ಮಾಹಿತಿ ಕೇಂದ್ರ. ನಡೆಸ್ತಿದ್ದವರು ರಿಟೈರ್ ಆದ ಕನ್ನಡ ಟೀಚರ್ ಒಬ್ಬರು. ತರಕಾರಿ ವ್ಯಾಪಾರದ ಮನೆಯಲ್ಲಿ ಹುಟ್ಟಿ ಕಂಪ್ಯೂಟರ್ ಕೋರ್ಸ್ ಮಾಡಿದ್ದ ನಾನು ಅಲ್ಲಿನ ಏಕೈಕ ಉದ್ಯೋಗಿ. ಆಗಷ್ಟೇ ಊರಿನ ಏಳಂಕಿಯ ಫೋನ್ ನಂಬರುಗಳ ಮುಂದೆಲ್ಲ 2 ಅನ್ನೋ ಅಂಕಿ ಸೇರಿತ್ತು. ನಮ್ಮ ಪಟ್ಟಿಯಲ್ಲಿ ಸಾವಿರಾರು ಮನೆ. ಭಾನುವಾರ ವಧೂವರರ ಸಮಾವೇಶ. ಅಷ್ಟರೊಳಗೆ ನಂಬರು ಸರಿಹೋಗದಿದ್ರೆ ಹುಡುಗಿ ಮನೆಯವರು ಹುಡುಗನ ಮನೆಗೆ ಫೋನ್ ಮಾಡೋ ಹಾಗಿಲ್ಲ. ಟೀಚರ್ ಕೆಂಪು ಪೆನ್ನು ಹಿಡಿದು ಎರಡು ದಿನ ತಿದ್ದಿದ್ರು; ಅಕಾರಾದಿ ಪಟ್ಟಿಯಲ್ಲಿ ಇನ್ನೂ 'ಆ' ದಾಟಿರಲಿಲ್ಲ.

ವೈಯಾಲಿಕಾವಲ್‌ನ ನನ್ನ ಸ್ನೇಹಿತ ಒಂದು ಸಿ.ಡಿ. ತಂದುಕೊಟ್ಟ. "ರೆಗ್ಯುಲರ್ ಎಕ್ಸ್‌ಪ್ರೆಶನ್ ಲೈಬ್ರರಿ ಕಣೇ. ಇಂಥಾ ರೂಪದಲ್ಲಿ ಇರೋದನ್ನ ಹುಡುಕು, ಹೀಗೆ ಬದಲಾಯಿಸು ಅಂತ ಹೇಳಿದ್ರೆ ಸಾಕು, ಸಾವಿರ ಪುಟ ಇದ್ರೂ ಮಾಡ್ಬಿಡುತ್ತೆ. ಆದ್ರೆ ರೆಡಿ ಊಟ ಅಲ್ಲ ಇದು, ಬರೀ ದಿನಸಿ. ಸೋರ್ಸ್ ಕೋಡ್‌ನಿಂದ ಕಂಪೈಲರ್ ಅನ್ನೋ ಒಲೆ ಮೇಲೆ ನೀನೇ ಬೇಯಿಸ್ಕೋಬೇಕು."

ಇಷ್ಟರಲ್ಲಿ ಟೀಚರ್ ಕಿವಿಗೆ 'ಲೈಬ್ರರಿ' ಅನ್ನೋ ಪದ ಬಿದ್ದಿತ್ತು. ನಾನು ತಿರುಗಿ ನೋಡೋ ಹೊತ್ತಿಗೆ ಮೂಲೆಯ ಬೀರು ಖಾಲಿ ಮಾಡಿ, ಒರೆಸಿ ಇಟ್ಟಿದ್ರು.

೧. ವಿಚಾರಣೆ

ಮೊದಲ ಹೆಜ್ಜೆ ಕಾನ್ಫಿಗರ್, ಅಂದ್ರೆ ಬೇಕಾದ್ದೆಲ್ಲ ಯಂತ್ರದಲ್ಲಿ ಇದೆಯಾ ಅನ್ನೋ ತಪಾಸಣೆ. ಆಜ್ಞೆ ಕೊಟ್ಟ ತಕ್ಷಣ ಯಂತ್ರ ತನ್ನ ಮೈಯನ್ನ ತಾನೇ ಮುಟ್ಟಿ ನೋಡಿಕೊಳ್ಳೋಕೆ ಶುರು ಮಾಡ್ತು. ಅದಿದೆಯಾ? ಇದೆ. ಇದು ಕೆಲಸ ಮಾಡುತ್ತಾ? ಮಾಡುತ್ತೆ. ನಾನು ಉಸಿರು ಬಿಗಿಹಿಡಿದು ನೋಡ್ತಿದ್ದೆ. ಯಾರೋ ಎಲ್ಲೋ ಕೂತು, ಜಗತ್ತಿನ ಯಾವ ಮೂಲೆಯ ಯಂತ್ರಕ್ಕಾದರೂ ಹೊಂದಲಿ ಅಂತ ಇಷ್ಟೆಲ್ಲ ಯೋಚನೆ ಮಾಡಿದ್ದಾರಲ್ಲ!

ಟೀಚರ್ ಕನ್ನಡಕ ಏರಿಸಿ ಹತ್ತಿರ ಬಂದ್ರು. "ಏನಮ್ಮಾ ಇದು! ಗಂಡಿನ ಕಡೆಯವರೂ ಇಷ್ಟು ಕೇಳಲ್ಲ. ಈ ಸಾಲಿನಲ್ಲಿ ಏನು ಕೇಳ್ತಿದೆ?"

"ಇಲ್ಲಿನ ಪರಿಸರ ಸ್ವಸ್ಥವಾಗಿದೆಯಾ ಅಂತ. ಹೌದು ಅಂತ ತಾನೇ ಉತ್ತರ ಹೇಳ್ಕೊಂಡಿದೆ."

ಟೀಚರ್ ಒಮ್ಮೆ ಹಿಂದೆ ತಿರುಗಿ ನೋಡಿದ್ರು. ಸೋರ್ತಿದ್ದ ಸೂರಿನ ಕೆಳಗೆ ಬಕೆಟ್ಟು, ಒಂದು ಕಾಲಿಗೆ ಇಟ್ಟಿಗೆ ಕೊಟ್ಟ ಕುರ್ಚಿ, ಬೆಂಚಿನ ಮೇಲೆ ಒಬ್ಬನೇ ಹುಡುಗನ ಫೋಟೋಗಾಗಿ ಎಳೆದಾಡ್ತಿದ್ದ ಇಬ್ಬರು ತಾಯಂದಿರು.

"ಒಳ್ಳೇ ಸಂಸ್ಕಾರ ಇರೋ ಯಂತ್ರ," ಅಂದ್ರು. "ಕಂಡದ್ದನ್ನೆಲ್ಲ ಆಡಲ್ಲ."

೨. ಒಪ್ಪಿಗೆ

ಸ್ವಲ್ಪ ಮುಂದಕ್ಕೆ ಹೋಗಿ ಪರದೆ ನಿಂತೇಬಿಡ್ತು.

"ಏನಂತೆ?" ಟೀಚರ್ ಕೇಳಿದ್ರು.

ಇದ್ದದ್ದನ್ನ ಇದ್ದ ಹಾಗೇ ಕನ್ನಡ ಮಾಡಿ ಹೇಳಿದೆ. "ಒಪ್ಪಿಗೆಯಾಗೋ ಅಂಥ ಕಂಪೈಲರ್ ಸಿಗಲಿಲ್ವಂತೆ."

ಟೀಚರ್ ಮುಖ ಮೆತ್ತಗಾಯ್ತು. "ಪಾಪ," ಅಂದ್ರು. "ಎಷ್ಟು ವರ್ಷದಿಂದ ನೋಡ್ತಿದೆಯಂತೆ?"

೩. ಎಚ್ಚರಿಕೆ

ಕಂಪೈಲರೂ ಅದೇ ಸಿ.ಡಿ.ಯಲ್ಲಿತ್ತು. ಅದನ್ನ ಹಾಕಿ, ಮತ್ತೆ ಕಾನ್ಫಿಗರ್ ಮುಗಿಸಿ, 'ಮೇಕ್', ಅಂದ್ರೆ ಇನ್ನು ಬೇಯಿಸು, ಅಂತ ಬರೆದೆ. ಆಮೇಲೆ ನಡೆದದ್ದನ್ನ ನಾನು ಇವತ್ತಿಗೂ ಮರೆತಿಲ್ಲ. ಉದ್ದುದ್ದ ಸಾಲುಗಳು ಪರದೆ ಮೇಲೆ ಓಡಿದವು, ನಿಂತವು, ಮತ್ತೆ ಓಡಿದವು. ಎಳೆದಾಡ್ತಿದ್ದ ತಾಯಂದಿರು ಫೋಟೋ ಬಿಟ್ಟು ಎದ್ದು ಬಂದು ನನ್ನ ಕುರ್ಚಿ ಹಿಂದೆ ನಿಂತರು. ಒಬ್ಬರು ಕೈ ಮುಗಿದರು.

ಇನ್ನೊಬ್ಬರಿಗೆ ಇಂಗ್ಲಿಷ್ ಬರ್ತಿತ್ತು. ಗಾಬರಿಯಿಂದ, "ಸಾಲುಸಾಲಾಗಿ ವಾರ್ನಿಂಗ್ ಕೊಡ್ತಿದೆ ಕಣ್ರೀ! ನಿಲ್ಸಿಬಿಡಿ!" ಅಂದ್ರು.

"ವಾರ್ನಿಂಗ್ ಬಂದ್ರೆ ಪರವಾಗಿಲ್ಲ, ಎರರ್ ಬರಬಾರದು," ಅಂದೆ.

ಟೀಚರ್ ಸಮಾಧಾನವಾಗಿ ಹೇಳಿದ್ರು: "ಕೂತ್ಕೊಳ್ಳಮ್ಮ. ವಾರ್ನಿಂಗ್ ಕೇಳಿ ನಿಲ್ಲಿಸೋ ಹಾಗಿದ್ರೆ ನಾನು ಇಷ್ಟು ವರ್ಷದಲ್ಲಿ ಒಂದು ಮದುವೆನೂ ಮಾಡಿಸೋಕಾಗ್ತಿರಲಿಲ್ಲ."

೪. ಕರ್ತೃ

ಲೈಬ್ರರಿ ಸಿದ್ಧವಾಯ್ತು. ಅದನ್ನ ಬಳಸಿ ಪುಟ್ಟ ಪ್ರೋಗ್ರಾಮ್ ಬರೆದೆ. ಅವಸರದಲ್ಲಿ 'ಏಳಂಕಿಯ ಸಂಖ್ಯೆ ಕಂಡರೆ' ಅನ್ನೋ ಬದಲು 'ಸಂಖ್ಯೆ ಕಂಡಲ್ಲೆಲ್ಲ' ಮುಂದೆ ಎರಡು ಹಾಕು ಅಂದುಬಿಟ್ಟಿದ್ದೆ. ಯಂತ್ರ ಹೇಳಿದ ಮಾತು ಮೀರಲಿಲ್ಲ. ಇಪ್ಪತ್ತಾರರ ಹುಡುಗಿಗೆ ಇನ್ನೂರ ಇಪ್ಪತ್ತಾರು ವಯಸ್ಸಾಯ್ತು. ಐದಡಿ ಎತ್ತರ ಇಪ್ಪತ್ತೈದಡಿ ಆಯ್ತು. ಒಬ್ಬ ತಮ್ಮ ಇದ್ದವಳಿಗೆ ಇಪ್ಪತ್ತೊಂದು ತಮ್ಮಂದಿರು.

ಇದು ಗೊತ್ತಾಗೋ ಮೊದಲೇ ಪ್ರಿಂಟರ್‌ನಿಂದ ಬಂದ ಮೊದಲ ಹಾಳೆಯನ್ನ, ಅಂದ್ರೆ ಇದೇ ಹುಡುಗಿಯ ವಿವರವನ್ನ, ಮಗನಿಗೆ ಹೆಣ್ಣು ನೋಡ್ತಿದ್ದ ಚಿಕ್ಕಪೇಟೆಯ ಸೀರೆ ಅಂಗಡಿ ಯಜಮಾನರೊಬ್ಬರು ಬಿಸಿಬಿಸಿಯಾಗೇ ಮಡಚಿ ಜೇಬಿಗಿಟ್ಟುಕೊಂಡು ಹೊರಟುಹೋಗಿದ್ರು. ಮೂರು ವರ್ಷದಿಂದ ಗಂಡು ಕೂಡಿಬರದೆ ಆ ಹುಡುಗಿ ಮನೆಯವರು ಕಂಗಾಲಾಗಿದ್ರು. ನನ್ನಿಂದ ಈ ಸಂಬಂಧವೂ ತಪ್ಪಿಹೋಯ್ತಲ್ಲ ಅಂತ ನನಗೆ ಅಳು ಬರೋದೊಂದು ಬಾಕಿ.

ಪುಣ್ಯಕ್ಕೆ ಅಸಲು ಪಟ್ಟಿಯ ನಕಲು ಇಟ್ಟಿದ್ದೆ. ಸಾಲು ತಿದ್ದಿ ಇನ್ನೊಮ್ಮೆ ಓಡಿಸಿದೆ. ಟೀಚರ್ ಎತ್ತಿದ ಕಾಫಿ ಲೋಟ ತುಟಿ ಮುಟ್ಟಿರಲಿಲ್ಲ, ಪಟ್ಟಿ ಪೂರ್ತಿ ಮುಗಿದಿತ್ತು. ಅಷ್ಟೂ ನಂಬರು ಸರಿ, ವಯಸ್ಸು ವಯಸ್ಸಿನ ಜಾಗದಲ್ಲೇ. ಟೀಚರ್ ಹಾಳೆ ಮೇಲೆ ಹಾಳೆ ತಿರುವಿ ನೋಡಿ, ಕೆಂಪು ಪೆನ್ನಿಗೆ ಮುಚ್ಚಳ ಹಾಕಿದ್ರು.

"ಇದನ್ನ ಬರೆದವರು ಯಾರು?"

"ಗೊತ್ತಿಲ್ಲ ಟೀಚರ್. ಯಾವುದೋ ದೂರದ ದೇಶದವರು. ಯಾರಾದ್ರೂ ಬಳಸ್ಕೊಳ್ಳಲಿ ಅಂತ ಪುಕ್ಕಟೆ ಕೊಟ್ಟಿದ್ದಾರೆ."

"ಪುಕ್ಕಟೆ!" ಟೀಚರ್ ಕಣ್ಣಲ್ಲಿ ನೀರಾಡ್ತು. ಡ್ರಾಯರ್ ಎಳೆದು ಖಾಲಿ ಅರ್ಜಿಯೊಂದನ್ನ ತೆಗೆದ್ರು. "ಮದುವೆ ಆಗಿದೆಯಾ ಅವರಿಗೆ?"

೫. ಯಜಮಾನರು

ಮಾರನೇ ಬೆಳಿಗ್ಗೆ ಬಾಗಿಲು ತೆಗೆಯೋ ಮೊದಲೇ ಸೀರೆ ಅಂಗಡಿ ಯಜಮಾನರು ಮೆಟ್ಟಿಲ ಮೇಲೆ ನಿಂತಿದ್ರು, ಕೈಯಲ್ಲಿ ಅದೇ ಹಾಳೆ.

"ಕ್ಷಮಿಸಬೇಕು, ಆ ವಯಸ್ಸು..." ಅಂತ ನಾನು ತೊದಲಿದೆ.

"ಅಯ್ಯೋ ಬಿಡಮ್ಮ. ಇನ್ನೂರ ಇಪ್ಪತ್ತಾರು ಅಂತ ಇದೆ, ಹೆಚ್ಚುಕಮ್ಮಿ ಇದ್ದದ್ದೇ. ಇಪ್ಪತ್ತೈದಡಿ ಎತ್ತರ, ನಮ್ಮ ಹುಡುಗನೂ ಉದ್ದನೇ ಇದ್ದಾನೆ. ಇಪ್ಪತ್ತೊಂದು ಜನ ತಮ್ಮಂದಿರು ಅಂದ್ರೆ ತುಂಬಿದ ಮನೆ, ಸಂತೋಷ. ಮನೇಲಿ ಎಲ್ರೂ ಒಪ್ಪಿದ್ದಾರೆ."

ಟೀಚರೂ ನಾನೂ ಮುಖ ಮುಖ ನೋಡಿಕೊಂಡೆವು.

ಯಜಮಾನರು ಕಂಪ್ಯೂಟರನ್ನ ಭಕ್ತಿಯಿಂದ ನೋಡಿ, ಹತ್ತಿರ ಬಂದು, ದನಿ ತಗ್ಗಿಸಿದರು.

"ಆದ್ರೆ ನಕ್ಷತ್ರ ಮೂಲಾ ಅಂತ ಬಂದಿದೆ. ನಮ್ಮಮ್ಮ ಅದೊಂದಕ್ಕೆ ಒಪ್ತಿಲ್ಲ. ಇದರಲ್ಲಿ ಸ್ವಲ್ಪ ರೋಹಿಣಿ ಮಾಡ್ಕೊಡೋಕಾಗುತ್ತಾ?"